ಅರಸಾಳು ಸ್ಟೇಷನ್ನಿನ ಕಥೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿದ್ದ ವಿಷಯ ‘ಸಹಕಾರಿ ಚಳವಳಿ ನಡೆದು ಬಂದ ದಾರಿ’. ಆದರೆ ನನಗಿಂತ ಮೊದಲು ಮಾತಾಡಿದ ಇಬ್ಬರೂ ಅದನ್ನು ಚೆನ್ನಾಗಿಯೇ ಹೇಳಿಬಿಟ್ಟಿದ್ದಾರೆ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಸಹಕಾರ ಸಂಘ ಕಟ್ಟಿದ್ದರಿಂದ ಹಿಡಿದು ನಮ್ಮ ಹಾಲಿನ ಡೇರಿಯ ತನಕ ಎಲ್ಲವೂ ಬಂದುಹೋಯಿತು. ಅದನ್ನೇ ಮೂರನೆಯ ಸಲ ನಾನೂ ಹೇಳಿದರೆ, ಹಿಂದೆ ಎಲೆ ಹಾಕಲು ಕಾಯುತ್ತಾ ನಿಂತಿರುವವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಆದ್ದರಿಂದ ಅಧ್ಯಕ್ಷರ ಅಪ್ಪಣೆ ಕೇಳಿ, ನಡೆದು ಬಂದ ದಾರಿಯನ್ನು ಬಿಟ್ಟು ರೈಲು ಬಂದ ದಾರಿಯ ಬಗ್ಗೆ ನಾಲ್ಕು ಮಾತು ಆಡುತ್ತೇನೆ. ಅಂದರೆ ನಮ್ಮ ಅರಸಾಳು ಸ್ಟೇಷನ್ನು. ಈಗಿನ ಹೊಸ ಸ್ಟೇಷನ್ ಅಲ್ಲ, ಅದರ ಪಕ್ಕದಲ್ಲಿರುವ ಹಳೆಯ ಹೆಂಚಿನ ಕಟ್ಟಡ.

ಯಾಕೆ ಈ ವಿಷಯ ಅಂತ ಕೇಳಬಹುದು. ನಾನು ಮೇಷ್ಟ್ರ ಕೆಲಸದಿಂದ ನಿವೃತ್ತನಾದವನು. ಆದರೂ ಮಕ್ಕಳನ್ನು ಕಂಡರೆ ಪ್ರಶ್ನೆ ಕೇಳುವ ಚಟ ಹೋಗಿಲ್ಲ. ಮೊನ್ನೆ ನಾಲ್ಕನೆಯ ತರಗತಿ ಹುಡುಗನೊಬ್ಬನಿಗೆ, “ನಮ್ಮೂರಿಗೆ ಹತ್ತಿರದ ರೈಲ್ವೆ ಸ್ಟೇಷನ್ ಯಾವುದೋ?” ಅಂದೆ. “ಮಾಲ್ಗುಡಿ” ಅಂದ. “ಮತ್ತೆ ಅರಸಾಳು?” ಅಂದೆ. “ಅದು ಊರು ಸಾರ್, ಸ್ಟೇಷನ್ ಅಲ್ಲ” ಅಂತ ನನಗೇ ಪಾಠ ಹೇಳಿದ. ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ನೋಡಿದ್ದು ಅದನ್ನೇ. ಬೆಂಗಳೂರಿನಿಂದ ಕಾರಿನಲ್ಲಿ ಬರುವವರು ಕೇಳುವುದು ಅದನ್ನೇ. ಆದರೆ ಇನ್ನು ಹತ್ತು ಹದಿನೈದು ವರ್ಷ ಕಳೆದರೆ, ಅಲ್ಲಿ ಅರಸಾಳು ಅಂತ ಒಂದು ಸ್ಟೇಷನ್ ಇತ್ತು, ಅದಕ್ಕೆ ಅದರದ್ದೇ ಆದ ದುಡಿಮೆ ಇತ್ತು ಎಂದು ಹೇಳಲು ಯಾರು ಇರುತ್ತಾರೆ ಅನ್ನುವ ಯೋಚನೆ ಹತ್ತಿತು.

ಮೊದಲು ರೈಲು ಹೇಗೆ ಬಂತು ನೋಡೋಣ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರ ಡಿಸೆಂಬರಿನಲ್ಲಿ. ಆಮೇಲೆ ಮೂವತ್ತು ವರ್ಷ ಹಳಿ ಶಿವಮೊಗ್ಗದ ಆಚೆಗೆ ನಮ್ಮ ಕಡೆ ಬರಲಿಲ್ಲ. ಅಷ್ಟರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಗಿ, ಅದರ ಕುಲುಮೆಗೆ ಮಲೆನಾಡಿನ ಮರ ಇದ್ದಿಲಾಗಿ ಹೋಗುತ್ತಿತ್ತು. ನಮ್ಮ ಕಡೆಯಿಂದ ಏನು ಹೋಗಬೇಕಾದರೂ ಎತ್ತಿನ ಗಾಡಿಯೇ ಗತಿ. ಅಡಿಕೆ ಮೂಟೆ ಹೇರಿಕೊಂಡು ಕಾಡುದಾರಿಯಲ್ಲಿ ಹೊರಟರೆ ಶಿವಮೊಗ್ಗ ಮುಟ್ಟುವುದು ಮರುದಿನವೋ ಅದರಾಚೆಯೋ. ಮಳೆಗಾಲದಲ್ಲಿ ಹಳ್ಳ ಇಳಿಯುವವರೆಗೆ ಈಚೆ ದಡದಲ್ಲೇ ಅಡಿಗೆ ಮಾಡಿಕೊಂಡು ಕೂರುವುದು.

1930ರ ದಶಕದಲ್ಲಿ ಮೈಸೂರು ಸರ್ಕಾರ ಈ ಹಳಿಯನ್ನು ಮುಂದುವರಿಸಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಕುಂಸಿ, ಅರಸಾಳು, ಆನಂದಪುರ, ಸಾಗರ ಹೀಗೆ ಹಂತ ಹಂತವಾಗಿ ಹೋಗಿ, 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ನಮ್ಮ ಅರಸಾಳು ಅದರಲ್ಲಿ ಸುಮಾರು ಮೂರನೇ ಒಂದು ದೂರದಲ್ಲಿ, ಕಾಡಿನ ನಡುವೆ ಸಿಗುವ ಸ್ಟೇಷನ್ನು.

ತಾಳಗುಪ್ಪದ ತನಕ ಯಾಕೆ ಹೋಯಿತು? ತಾಳಗುಪ್ಪದಿಂದ ಮುಂದೆ ಜೋಗ ಹತ್ತಿರ. 1939ರಲ್ಲಿ ಜೋಗದ ವಿದ್ಯುತ್ ಯೋಜನೆಗೆ ಕಲ್ಲು ಹಾಕಿದರು. 1948ರಲ್ಲಿ ಅಲ್ಲಿ ವಿದ್ಯುತ್ ಹುಟ್ಟಿತು. ಇಂಥ ದೊಡ್ಡ ಕೆಲಸಕ್ಕೆ ಹತ್ತಿರ ಇದ್ದ ರೈಲು ನೆಲೆ ಅಂದರೆ ತಾಳಗುಪ್ಪವೇ. ಹಾಗಾಗಿ ನಮ್ಮ ಅನುಕೂಲಕ್ಕೆ ಅಂತಲೇ ಯಾರೋ ಕನಿಕರಪಟ್ಟು ಈ ಹಳಿ ಹಾಕಿಸಿದರು ಅಂತ ತಿಳಿಯುವುದು ಬೇಡ. ಕಾಡಿನ ಸಂಪತ್ತು ಒಂದು ಕಡೆ, ನೀರಿನ ಶಕ್ತಿ ಇನ್ನೊಂದು ಕಡೆ. ನಡುವೆ ಇದ್ದ ನಮಗೂ ಅದರಿಂದ ಉಪಕಾರವಾಯಿತು, ಅಷ್ಟೇ. ಆ ಜೋಗದ ಕರೆಂಟು ಬೆಂಗಳೂರಿಗೆ ಹೋಯಿತು. ನಮ್ಮ ಕೇರಿಗಳಲ್ಲಿ ಮಾತ್ರ ಇನ್ನೂ ಎಷ್ಟೋ ವರ್ಷ ಚಿಮಣಿ ಬುಡ್ಡಿಯೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯಾದಾಗ ಹೊಸನಗರ, ಸಾಗರ ಸೀಮೆಯ ಎಷ್ಟೋ ಊರು ನೀರಿನಡಿಗೆ ಹೋದವು. ಮುಳುಗಡೆಯವರು ಗಂಟು ಮೂಟೆ, ದನಕರು ಕಟ್ಟಿಕೊಂಡು ಜಿಲ್ಲೆಯ ಕಾಡು ಅಂಚುಗಳಲ್ಲಿ ಬಂದು ನೆಲೆ ನಿಂತರು. ಅವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲೂ ಇದ್ದೀರಿ. ಜಮೀನಿನ ಹಕ್ಕುಪತ್ರದ ಓಡಾಟ ಎಷ್ಟೋ ಮನೆಗಳಲ್ಲಿ ಇನ್ನೂ ಮುಗಿದಿಲ್ಲ ಎನ್ನುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಸ್ಟೇಷನ್ನಿನ ದಿನಚರಿ. ನಮ್ಮ ಯುವಕರಿಗೆ ಇದು ಗೊತ್ತಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದ್ದದ್ದು ಒಂದೇ ಹಳಿ. ಹೋಗುವ ಗಾಡಿಗೂ ಅದೇ, ಬರುವ ಗಾಡಿಗೂ ಅದೇ. ಎದುರುಬದುರು ಬಂದು ಡಿಕ್ಕಿಯಾಗಬಾರದಲ್ಲ, ಅದಕ್ಕೆ ಇಂಥ ಒಂಟಿ ಹಳಿಯ ಮಾರ್ಗಗಳಲ್ಲಿ ಒಂದು ಉಪಾಯ ಮಾಡಿದ್ದರು. ಒಂದು ಸ್ಟೇಷನ್ನಿಗೂ ಮುಂದಿನ ಸ್ಟೇಷನ್ನಿಗೂ ನಡುವೆ ಒಂದು ಸಲಕ್ಕೆ ಒಂದೇ ಟೋಕನ್. ಅದು ಲೋಹದ ಒಂದು ಗುಂಡೋ ಬಿಲ್ಲೆಯೋ. ಸ್ಟೇಷನ್ ಮಾಸ್ಟರರ ಕೋಣೆಯಲ್ಲಿ ಪೆಟ್ಟಿಗೆಯಂಥ ಯಂತ್ರ. ಮುಂದಿನ ಸ್ಟೇಷನ್ನಿನವರು ಅಲ್ಲಿಂದ ಒಪ್ಪಿಗೆ ಕೊಡದೆ ಇಲ್ಲಿ ಟೋಕನ್ ಹೊರಗೆ ಬರುವುದೇ ಇಲ್ಲ. ಅದನ್ನು ಚರ್ಮದ ಚೀಲದಲ್ಲಿ ಹಾಕಿ, ದೊಡ್ಡ ಬಳೆಯಂಥ ಹಿಡಿಗೆ ಕಟ್ಟಿ ಡ್ರೈವರನ ಕೈಗೆ ಕೊಡುವುದು. ಅದು ಕೈಗೆ ಬಾರದೆ ಡ್ರೈವರ್ ಗಾಡಿ ಬಿಡುವ ಹಾಗಿಲ್ಲ. ನಿಲ್ಲದೆ ಹೋಗುವ ಗಾಡಿಯಾದರೆ ಓಡುವ ಇಂಜಿನ್ನಿಂದ ಕೈ ಚಾಚಿ ಬಳೆ ತಗೊಳ್ಳುವುದು, ಹಳೆಯದನ್ನು ಪ್ಲಾಟ್‌ಫಾರಂ ಮೇಲೆ ಎಸೆಯುವುದು. ಮಕ್ಕಳಿಗೆ ಇದಕ್ಕಿಂತ ದೊಡ್ಡ ಆಟ ಬೇರೆ ಇರಲಿಲ್ಲ. ಶಾಲೆಯಲ್ಲಿ ಸೈಕಲ್ ಟೈರು ಹಿಡಿದು ಎಷ್ಟು ಹುಡುಗರು ‘ಟೋಕನ್ ಆಟ’ ಆಡಿ ಮಂಡಿ ಒಡಕೊಂಡರೋ.

ಆಚೆ ಈಚೆ ಎರಡು ಕೈಮರ. ಅದರ ಕೈ ಇಳಿದರೆ ಗಾಡಿ ಬರುತ್ತದೆ, ಅಡ್ಡ ಇದ್ದರೆ ಇಲ್ಲ. ಕತ್ತಲಾಗುತ್ತಿದ್ದಂತೆ ಸೀಮೆಎಣ್ಣೆ ದೀಪವನ್ನು ಕೈಮರದ ಮೇಲೆ ಹತ್ತಿ ಇಡಬೇಕು. ಜಡಿಮಳೆಯಲ್ಲೂ ಇಡಬೇಕು. ಮಲೆನಾಡಿನ ಆಷಾಢದ ಮಳೆಯಲ್ಲಿ ಒದ್ದೆ ಕಬ್ಬಿಣದ ಏಣಿ ಹತ್ತುವ ಕೆಲಸ ಎಂಥದ್ದು ಅಂತ ಯೋಚಿಸಿ. ಹಳಿಯ ಉದ್ದಕ್ಕೂ ಸುತ್ತಿಗೆ, ಕೀಲಿ ಹಿಡಿದು ನಡೆಯುತ್ತಿದ್ದ ಗ್ಯಾಂಗ್‌ಮನ್‌ಗಳು, ಆನೆ, ಕಾಟಿ ತಿರುಗುವ ಕಾಡಿನಲ್ಲಿ ರಾತ್ರಿ ಪಹರೆ ಹೋಗುತ್ತಿದ್ದವರು, ಇವರಲ್ಲಿ ಅನೇಕರು ನಮ್ಮ ಸುತ್ತಿನ ಬಡ ಮನೆಗಳವರು, ಕೆಲವರು ತಮಿಳು ಸೀಮೆಯಿಂದ ಬಂದು ಇಲ್ಲಿಯೇ ಕನ್ನಡದವರಾದವರು. ಸ್ಟೇಷನ್ ಅಂದರೆ ಎಲ್ಲರಿಗೂ ಕಣ್ಣಿಗೆ ಬರುವುದು ಬಿಳಿ ಡ್ರೆಸ್ಸಿನ ಸ್ಟೇಷನ್ ಮಾಸ್ಟರ್. ನನ್ನ ಮಟ್ಟಿಗೆ ಸ್ಟೇಷನ್ನನ್ನು ನಡೆಸಿದವರು ಈ ದೀಪ ಇಟ್ಟವರು, ಹಳಿ ನಡೆದವರು.

ಟಿಕೆಟ್ ಅಂದರೆ ದಪ್ಪ ರಟ್ಟಿನ ಸಣ್ಣ ಚೂರು. ಕಿಂಡಿಯಲ್ಲಿ ದುಡ್ಡು ಕೊಟ್ಟರೆ ಮಾಸ್ಟರು ಅದನ್ನು ತಾರೀಕಿನ ಯಂತ್ರಕ್ಕೆ ತೂರಿಸಿ ‘ಟಕ್’ ಅನ್ನಿಸಿ ಕೊಡುತ್ತಿದ್ದರು. ಇಳಿದ ಮೇಲೆ ವಾಪಸು ಕೊಡಬೇಕು. ಕೊಡದೆ ಉಳಿಸಿಕೊಂಡದ್ದು ಕೆಲವರ ಮನೆಯ ಟ್ರಂಕಿನಲ್ಲಿ ಇನ್ನೂ ಇದೆ ಅಂತ ನನಗೆ ಗೊತ್ತು, ಹೆಸರು ಹೇಳುವುದಿಲ್ಲ. ಗಡಿಯಾರ ಇಲ್ಲದ ಮನೆಗಳಿಗೆ ಗಾಡಿಯ ಕೂಗೇ ಗಡಿಯಾರ. ನಮ್ಮಮ್ಮ, “ಬೆಳಗಿನ ಗಾಡಿ ಹೋತು, ಒಲೆ ಮೇಲೆ ಎಸರಿಡ್ರೇ” ಅನ್ನುತ್ತಿದ್ದಳು. ಗಾಡಿ ತಡವಾದ ದಿನ ನಮ್ಮ ಊಟವೂ ತಡ. ನಗಬೇಡಿ, ನಿಮ್ಮ ಮನೆಗಳಲ್ಲೂ ಇದೇ ಕಥೆ. ಈಗ ಡೇರಿಯ ಬಾಗಿಲು ತೆಗೆದ ಸದ್ದಿಗೆ ಊರು ಏಳುವ ಹಾಗೆ ಆಗ ಗಾಡಿಯ ಸಿಳ್ಳಿಗೆ ಏಳುತ್ತಿತ್ತು.

ಹಿರಿಯರು ಹೇಳುವ ಪ್ರಕಾರ ಹೋಗುತ್ತಿದ್ದ ಸರಕು ಅಂದರೆ ಮರ, ಸೌದೆ, ಬಿದಿರು, ಅಡಿಕೆ, ಭತ್ತ. ಬರುತ್ತಿದ್ದದ್ದು ಉಪ್ಪು, ಸೀಮೆಎಣ್ಣೆ, ಬಟ್ಟೆ, ಹೆಂಚು, ಗೊಬ್ಬರ. ಇಲ್ಲಿ ಸಹಕಾರದ ಮಾತೊಂದು ಸೇರಿಸಲೇಬೇಕು, ಇಲ್ಲದಿದ್ದರೆ ಕೊಟ್ಟ ವಿಷಯಕ್ಕೆ ಪೂರಾ ದ್ರೋಹವಾಗುತ್ತದೆ. ರೈಲು ಸಾಗರದ ಸೀಮೆಗೆ ಬಂದ ಕಾಲದಲ್ಲೇ, 1939ರಲ್ಲಿ, ಶಿವಮೊಗ್ಗದಲ್ಲಿ ಅಡಿಕೆ ಬೆಳೆಗಾರರ ಮ್ಯಾಮ್ಕೋಸ್ ಹುಟ್ಟಿತು. ಅದಕ್ಕೆ ಮುಂಚೆ ಅಡಿಕೆ ಬೆಳೆದವನಿಗೆ ದಲ್ಲಾಳಿ ಹೇಳಿದ್ದೇ ತೂಕ, ಸಾಹುಕಾರ ಹೇಳಿದ್ದೇ ಬೆಲೆ. ಮಳೆಗಾಲಕ್ಕೆ ತಂದ ಸಾಲಕ್ಕೆ ಕೊಯ್ಲಿಗೆ ಮೊದಲೇ ಫಸಲು ಬರೆದುಕೊಟ್ಟಾಗಿರುತ್ತಿತ್ತು. ರೈಲು ದಾರಿಯನ್ನು ಹತ್ತಿರ ಮಾಡಿತು, ನಿಜ. ಆದರೆ ದಾರಿ ಹತ್ತಿರವಾದರೆ ದಲ್ಲಾಳಿಗೂ ಹತ್ತಿರವೇ. ಬೆಳೆದವನ ಕೈಗೆ ತಕ್ಕಡಿ ಬಂದದ್ದು ಸಂಘದಿಂದ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಊರಿಗೆ ರಸ್ತೆ ಬಂತು, ರೈಲು ಬಂತು, ಟವರ್ ಬಂತು ಅಂದ ಕೂಡಲೇ ಉದ್ಧಾರ ಆಯಿತು ಅನ್ನುವವರು ಈಗಲೂ ಇದ್ದಾರೆ.

ಕಾಯಿಲೆಯವರು ಮೆಗ್ಗಾನ್ ಆಸ್ಪತ್ರೆಗೆ ಹೋಗುತ್ತಿದ್ದದ್ದು ಇದೇ ಗಾಡಿಯಲ್ಲಿ. ಕಾಲೇಜಿಗೆ ಸೇರಿದ ಮೊದಲ ತಲೆಮಾರಿನ ಹುಡುಗರು ಅಕ್ಕಿ ಚೀಲ, ಉಪ್ಪಿನಕಾಯಿ ಭರಣಿ ಹಿಡಿದು ಹತ್ತಿದ್ದು ಇದೇ ಗಾಡಿ. ಹೆಣ್ಣುಮಕ್ಕಳು ಮದುವೆಯಾಗಿ ಇಳಿದದ್ದೂ ಇಲ್ಲೇ, ಬಾಣಂತನಕ್ಕೆ ಹತ್ತಿದ್ದೂ ಇಲ್ಲೇ. ಇದನ್ನೆಲ್ಲ ಯಾವ ಸರ್ಕಾರಿ ದಾಖಲೆಯೂ ಬರೆದಿಟ್ಟಿಲ್ಲ.

ಇಳಿಗಾಲ ಒಂದೇ ದಿನ ಬರಲಿಲ್ಲ. ಮೈಸೂರು ರೈಲ್ವೆ 1950ರಲ್ಲಿ ಭಾರತೀಯ ರೈಲ್ವೆಗೆ ಸೇರಿ, 1951ರಲ್ಲಿ ದಕ್ಷಿಣ ರೈಲ್ವೆಯ ಪಾಲಾಯಿತು. ಆಯನೂರು, ಆನಂದಪುರದ ಮೇಲೆ ಹೋಗುವ ಹೆದ್ದಾರಿ ಗಟ್ಟಿಯಾಯಿತು. ಲಾರಿ ತೋಟದ ಬಾಗಿಲಿಗೇ ಬರತೊಡಗಿತು. ಮನೆ ಬಾಗಿಲಲ್ಲಿ ಹೇರಿದ ಮೂಟೆಯನ್ನು ಸ್ಟೇಷನ್ನಿಗೆ ಒಯ್ದು ಮತ್ತೆ ಯಾರು ಹೇರುತ್ತಾರೆ? ಬಸ್ಸು ಊರೊಳಗೆ ಬಂದ ಮೇಲೆ ಸ್ಟೇಷನ್ನಿಗೆ ಎರಡು ಮೈಲಿ ಯಾರು ನಡೆಯುತ್ತಾರೆ? ತಾಳಗುಪ್ಪದಿಂದ ಹೊನ್ನಾವರಕ್ಕೆ ಹಳಿ ಮುಂದುವರಿಸಿ ಸಮುದ್ರಕ್ಕೆ ಸೇರಿಸಬೇಕು ಅನ್ನುವ ಮಾತು ನನ್ನ ಪ್ರಾಯಕ್ಕಿಂತ ಹಳೆಯದು. ಅದು ಆಗಿದ್ದರೆ ಈ ಮಾರ್ಗದ ಹಣೆಬರಹವೇ ಬೇರೆ ಇರುತ್ತಿತ್ತು. ಆಗಲಿಲ್ಲ. ಆಚೆ ತುದಿ ಕುರುಡಾಗಿಯೇ ಉಳಿಯಿತು.

ಕೊನೆಯ ಪೆಟ್ಟು ಕೊಟ್ಟದ್ದು ಗೇಜು. ನಮ್ಮದು ಮೀಟರ್ ಗೇಜು, ಅಂದರೆ ಎರಡು ಕಂಬಿಗಳ ನಡುವೆ ಒಂದು ಮೀಟರು. ದೊಡ್ಡ ಮಾರ್ಗಗಳದ್ದು ಬ್ರಾಡ್‌ಗೇಜು, ಐದೂವರೆ ಅಡಿ. 1992ರಲ್ಲಿ ನಮ್ಮ ರಾಜ್ಯದವರೇ ಆದ ಸಿ. ಕೆ. ಜಾಫರ್ ಷರೀಫರು ರೈಲ್ವೆ ಮಂತ್ರಿಯಾಗಿದ್ದಾಗ ದೇಶದ ಸಣ್ಣ ಗೇಜುಗಳನ್ನೆಲ್ಲ ಬ್ರಾಡ್‌ಗೇಜ್ ಮಾಡುವ ಯೋಜನೆ ಹೊರಟಿತು. ಒಳ್ಳೆಯದೇ. ಶಿವಮೊಗ್ಗದ ತನಕ ಬ್ರಾಡ್‌ಗೇಜ್ ಆಯಿತು. ಅಲ್ಲಿಂದಾಚೆ ತಾಳಗುಪ್ಪದವರೆಗೆ ಆಗಲಿಲ್ಲ. ಇದರ ಪರಿಣಾಮ ಏನು? ಗೂಡ್ಸು ಡಬ್ಬಿ ಶಿವಮೊಗ್ಗ ದಾಟುವ ಹಾಗಿಲ್ಲ. ಬೇರೆ ಊರಿನ ಗಾಡಿ ಇಲ್ಲಿಗೆ ಬರುವ ಹಾಗಿಲ್ಲ. ನಮ್ಮ ನೂರು ಕಿಲೋಮೀಟರ್ ಹಳಿ ಎರಡೂ ತುದಿ ಕಟ್ಟಿದ ಚೀಲದ ಹಾಗಾಯಿತು. ದೊಡ್ಡ ಗಾಡಿ ಹೋಗಿ ರೈಲುಬಸ್ಸು ಬಂತು. ಬಸ್ಸಿನಂಥ ಒಂದೇ ಡಬ್ಬಿ, ಕಾಡಿನ ನಡುವೆ ಆಟಿಕೆಯ ಹಾಗೆ ಹೋಗುತ್ತಿತ್ತು. ನಮ್ಮ ಸಂಘ ಹುಟ್ಟಿದ ಹೊಸತರಲ್ಲಿ ಈ ಮಾರ್ಗದ ಮೇಲೆ ಓಡುತ್ತಿದ್ದದ್ದು ಅದೇ. ಆಮೇಲೆ ಹಳಿ ಕಿತ್ತು ಬ್ರಾಡ್‌ಗೇಜ್ ಕೆಲಸ ಶುರುವಾಗಿ, 2010ರಿಂದ 2012ರ ನಡುವೆ ಸಾಗರ, ತಾಳಗುಪ್ಪದ ತನಕ ಮತ್ತೆ ಗಾಡಿ ಓಡಿತು. ಈಗ ನಮ್ಮ ಮುಂದೆಯೇ ಮೈಸೂರು, ಬೆಂಗಳೂರಿನ ಗಾಡಿ ಹೋಗುತ್ತದೆ. ಅರಸಾಳಿಗೆ ಹೊಸ ಸ್ಟೇಷನ್ ಆಯಿತು. ಹಳೆಯದರ ಕೆಲಸ ಮುಗಿಯಿತು.

ಕೆಲಸ ಮುಗಿದ ಕಟ್ಟಡ ಮಲೆನಾಡಿನಲ್ಲಿ ಎಷ್ಟು ವರ್ಷ ನಿಲ್ಲುತ್ತದೆ ಅಂತ ನಿಮಗೆ ಗೊತ್ತು. ಒಂದು ಹೆಂಚು ಜಾರಿದರೆ ಸಾಕು. ಒಂದು ಮಳೆಗಾಲಕ್ಕೆ ಪಕಾಸಿ, ಎರಡನೆಯದಕ್ಕೆ ತೊಲೆ, ಮೂರನೆಯದಕ್ಕೆ ಗೋಡೆ. ಕಿಟಕಿ ಬಾಗಿಲು ಯಾರ ಮನೆಯಲ್ಲಿ ಕೂತವು ಅನ್ನುವ ಲೆಕ್ಕ ದೇವರಿಗೇ ಬಿಟ್ಟದ್ದು. ನಮ್ಮ ಹಳೆಯ ಸ್ಟೇಷನ್ನೂ ಅದೇ ದಾರಿ ಹಿಡಿದಿತ್ತು. ಅದನ್ನು ಉಳಿಸಿದ್ದು ಮಾಲ್ಗುಡಿ.

ಮಾಲ್ಗುಡಿ ಅನ್ನುವುದು ಆರ್. ಕೆ. ನಾರಾಯಣ್ ಅವರು ಕಟ್ಟಿದ ಊರು. ನಕಾಶೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವರು ಬಾಳಿದ್ದು ಹೆಚ್ಚಾಗಿ ಮೈಸೂರಿನಲ್ಲಿ. 1930ರ ಸೆಪ್ಟೆಂಬರಿನಲ್ಲಿ ಅಜ್ಜಿ ನೋಡಿ ಹೇಳಿದ ಒಳ್ಳೆಯ ದಿನ ನೋಟ್‌ಬುಕ್ಕು ಕೊಂಡು ಕಾದಂಬರಿ ಬರೆಯಲು ಕೂತರಂತೆ. ಆಗ ಊರಿಗಿಂತ ಮೊದಲು ಅವರ ಕಣ್ಣ ಮುಂದೆ ಬಂದದ್ದು ಆ ಊರಿನ ಪುಟ್ಟ ರೈಲ್ವೆ ಸ್ಟೇಷನ್. ಊರು ಆಮೇಲೆ ಬೆಳೆಯಿತು. ಆ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಅಚ್ಚಾಯಿತು. ಯೋಚನೆ ಮಾಡಿ, ನಾರಾಯಣರು ಬೆಂಗಳೂರಿನಲ್ಲಿ ಕೂತು ಮನಸ್ಸಿನಲ್ಲಿ ಒಂದು ಸ್ಟೇಷನ್ ಕಟ್ಟಿದ ಆ ದಶಕದಲ್ಲೇ ಮೈಸೂರು ಸರ್ಕಾರ ನಮ್ಮ ಕಾಡಿನಲ್ಲಿ ನಿಜವಾದ ಸ್ಟೇಷನ್ ಕಟ್ಟುತ್ತಿತ್ತು. ಒಂದಕ್ಕೊಂದು ಸಂಬಂಧ ಇರಲಿಲ್ಲ. ಸಂಬಂಧ ಬೆಳೆದದ್ದು ಐವತ್ತು ವರ್ಷದ ಮೇಲೆ.

1986ರ ಹೊತ್ತಿಗೆ ಶಂಕರನಾಗ್ ಅವರು ‘ಮಾಲ್ಗುಡಿ ಡೇಸ್’ ಧಾರಾವಾಹಿ ತೆಗೆದರು. ಊರಿನ ದೃಶ್ಯಗಳಿಗೆ ಆಗುಂಬೆ, ರೈಲ್ವೆ ಸ್ಟೇಷನ್ನಿಗೆ ನಮ್ಮ ಅರಸಾಳು. ಸ್ವಾಮಿಯ ಪಾತ್ರದಲ್ಲಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಚಿತ್ರಗಳು ನಾರಾಯಣರ ತಮ್ಮ ಆರ್. ಕೆ. ಲಕ್ಷ್ಮಣ್ ಅವರವು. 1987ರಲ್ಲಿ ದೂರದರ್ಶನದಲ್ಲಿ ಅದು ಬಂದಾಗ ಟಿ.ವಿ. ಇದ್ದ ಮನೆಯ ಜಗಲಿಯಲ್ಲಿ ಊರೇ ಸೇರುತ್ತಿತ್ತು. ಕಥೆ ಯಾರು ನೋಡುತ್ತಿದ್ದರು? “ಅಗಳೇ, ನಮ್ ಸ್ಟೇಷನ್ನು!” ಅಂತ ಕೂಗುವುದೇ ಕೂಗುವುದು. ಶಂಕರನಾಗ್ 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಸ್ವಂತ ಮನೆಯವರು ಹೋದ ಹಾಗೆ ಆಯಿತು.

ಅಂಥ ದೊಡ್ಡ ನಿರ್ದೇಶಕರಿಗೆ ನಮ್ಮ ಸ್ಟೇಷನ್ ಯಾಕೆ ಹಿಡಿಸಿರಬೇಕು? ನನ್ನ ತಿಳುವಳಿಕೆ ಹೇಳುತ್ತೇನೆ, ನೀವು ಒಪ್ಪಲೇಬೇಕು ಅಂತಿಲ್ಲ. ಅವರಿಗೆ ಬೇಕಾಗಿದ್ದದ್ದು ಬ್ರಿಟಿಷರ ಕಾಲದ ಸ್ಟೇಷನ್. ನಮ್ಮದು 1986ರಲ್ಲಿಯೂ ಹಾಗೇ ಇತ್ತು. ಅದೇ ಹೆಂಚು, ಅದೇ ಸಣ್ಣ ಗೇಜು, ಅದೇ ಕಾಡು. ಐವತ್ತು ವರ್ಷ ಯಾರೂ ಇತ್ತ ತಿರುಗಿ ನೋಡಿರಲಿಲ್ಲ, ಆದ್ದರಿಂದ ಯಾವುದೂ ಬದಲಾಗಿರಲಿಲ್ಲ. ನಮಗೆ ಏನೂ ಮಾಡದೆ ಬಿಟ್ಟದ್ದೇ ಅವರ ಕ್ಯಾಮೆರಾಕ್ಕೆ ಚಂದ ಕಂಡಿತು. ಇದನ್ನು ಅದೃಷ್ಟ ಅನ್ನಬೇಕೋ ಇನ್ನೇನು ಅನ್ನಬೇಕೋ ನೀವೇ ಹೇಳಿ.

ಆ ಧಾರಾವಾಹಿಯ ಹೆಸರಿನಿಂದಲೇ ನೈಋತ್ಯ ರೈಲ್ವೆಯವರು ಹಳೆಯ ಕಟ್ಟಡವನ್ನು ಕೈಗೆತ್ತಿಕೊಂಡು, 2020ರಲ್ಲಿ ‘ಮಾಲ್ಗುಡಿ ಮ್ಯೂಸಿಯಂ’ ಮಾಡಿದರು. ಕೊರೋನಾದ ವರ್ಷ, ನೋಡುವವರೇ ಬರುವ ಹಾಗಿರಲಿಲ್ಲ. ಧಾರಾವಾಹಿಯ ಕಲಾ ಕೆಲಸದಲ್ಲಿದ್ದ ಜಾನ್ ದೇವರಾಜ್ ಅವರೇ ಇಲ್ಲಿಯೂ ಕಲಾವಿದರು. ಕಥೆಯ ಪಾತ್ರಗಳು ಬೊಂಬೆಗಳಾಗಿ ನಿಂತಿವೆ. ಹಳೆಯ ಬೋಗಿಯೊಂದು ಚಹಾ ಅಂಗಡಿಯ ರೂಪದಲ್ಲಿದೆ. ಕೆಲಸ ಅಚ್ಚುಕಟ್ಟಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಮಾಡಿದವರಿಗೆ ನಮ್ಮ ಕೃತಜ್ಞತೆ ಸಲ್ಲಬೇಕು. ಮಾಲ್ಗುಡಿ ಇರದಿದ್ದರೆ ಅಲ್ಲಿ ಇಂದು ಲಂಟಾನ ಪೊದೆ ಇರುತ್ತಿತ್ತು.

ನನ್ನ ತಕರಾರು ಒಂದೇ. ಅಲ್ಲಿ ಸ್ವಾಮಿ ಇದ್ದಾನೆ, ಅವನ ಗೆಳೆಯರಿದ್ದಾರೆ. ದೀಪ ಇಡಲು ಕೈಮರ ಹತ್ತಿದವರು ಎಲ್ಲಿ? ಅಡಿಕೆ ಮೂಟೆ ಎಲ್ಲಿ? ಜೋಗ ಎಲ್ಲಿ? ಬಾಣಂತನಕ್ಕೆ ಹೊರಟ 18 ವರ್ಷದ ಹುಡುಗಿ ಎಲ್ಲಿ? ನಾರಾಯಣರೇ ಇದ್ದಿದ್ದರೂ ಇದನ್ನು ಕೇಳುತ್ತಿದ್ದರೋ ಏನೋ. 1958ರ ಅವರ ‘ದಿ ಗೈಡ್’ ಕಾದಂಬರಿಯಲ್ಲಿ ಮಾಲ್ಗುಡಿಗೆ ಮೊದಲ ಸಲ ರೈಲು ಬರುವುದನ್ನು ಅವರು ಎಷ್ಟು ವಿವರವಾಗಿ ಬರೆದಿದ್ದಾರೆ! ರಾಜುವಿನ ಅಪ್ಪನದು ಸಣ್ಣ ಅಂಗಡಿ. ಹಳಿ ಹಾಕುವ ಕೂಲಿಯಾಳುಗಳು ಬರುತ್ತಾರೆ, ಸ್ಟೇಷನ್ ಏಳುತ್ತದೆ, ಅಪ್ಪನಿಗೆ ಸ್ಟೇಷನ್ನಿನಲ್ಲೇ ಅಂಗಡಿ ಸಿಗುತ್ತದೆ, ಅದರಿಂದ ಮನೆಯ ಬದುಕೇ ತಿರುಗುತ್ತದೆ. ಆ ಪುಸ್ತಕಕ್ಕೆ 1960ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಲ್ಲದ ಊರಿನ ರೈಲಿನ ಚರಿತ್ರೆಯನ್ನು ಅಷ್ಟು ಚೆನ್ನಾಗಿ ಬರೆದಿಟ್ಟರು. ಇರುವ ಊರಿನದನ್ನು ಬರೆದಿಡುವವರು ಯಾರು?

ಅರಸಾಳು ಸ್ಟೇಷನ್ನಿಗೇ ಮಾಲ್ಗುಡಿ ಎಂದು ಹೆಸರಿಡಬೇಕೆನ್ನುವ ಮಾತು ಕೂಡ ಪತ್ರಿಕೆಗಳಲ್ಲಿ ಬಂದಿತ್ತು. ವೇಳಾಪಟ್ಟಿಯಲ್ಲಿ ಇಂದಿಗೂ ಅರಸಾಳು ಅಂತಲೇ ಇದೆ. ಮ್ಯೂಸಿಯಮ್ಮಿಗೆ ಆ ಹೆಸರು ಇರಲಿ, ಬೇಡ ಅಂದವರಿಲ್ಲ. ಆದರೆ ಊರಿನ ಸ್ಟೇಷನ್ನಿಗೆ ಊರಿನ ಹೆಸರೇ ಇರಬೇಕು. ನಮ್ಮ ಹಳಬರು ತಮಾಷೆಗೆ ಹೇಳುತ್ತಿದ್ದರು, ಈ ಹೆಸರಿನಲ್ಲಿ ಅರಸನೂ ಇದ್ದಾನೆ, ಆಳೂ ಇದ್ದಾನೆ ಅಂತ. ಅಂಥ ಹೆಸರನ್ನು ಬಿಟ್ಟುಕೊಡಲಿಕ್ಕೆ ಎಂತ ಕಾರಣ? ಈ ಸ್ಟೇಷನ್ ಕಟ್ಟುವಾಗ ನಮ್ಮ ಹಿರಿಯರನ್ನು ಯಾರೂ ಕೇಳಿರಲಿಲ್ಲ. ಹಳಿ ಕೀಳುವಾಗ ನಮ್ಮನ್ನು ಕೇಳಲಿಲ್ಲ. ಹೆಸರಿನ ವಿಷಯಕ್ಕಾದರೂ ನಾವಾಗಿಯೇ ಬಾಯಿ ಬಿಡಬೇಕು. ಸಂಘದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇದರ ಬಗ್ಗೆ ಒಂದು ಠರಾವು ಮಾಡಿ ರೈಲ್ವೆಯವರಿಗೆ ಕಳಿಸೋಣ ಅಂತ ಅಧ್ಯಕ್ಷರಲ್ಲಿ ಕೇಳಿಕೊಂಡಿದ್ದೇನೆ. ಅದರ ಜೊತೆಗೇ ಮ್ಯೂಸಿಯಮ್ಮಿನ ಒಂದು ಗೋಡೆಯನ್ನು ಅರಸಾಳಿನ ಸ್ವಂತ ಕಥೆಗೆ ಬಿಟ್ಟುಕೊಡಿ ಅಂತಲೂ ಕೇಳಬಹುದು. “ಹಾಲಿನ ಸಂಘಕ್ಕೂ ರೈಲಿಗೂ ಎಂತ ಸಂಬಂಧ ಮಾರಾಯ್ರೆ?” ಅಂತ ನಿರ್ದೇಶಕರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಈ ಸುತ್ತಿನಲ್ಲಿ ಜಾತಿ, ಪಕ್ಷ ನೋಡದೆ ದಿನಕ್ಕೆ ಎರಡು ಸಲ ಎಲ್ಲ ಮನೆಯವರೂ ಸೇರುವ ಜಾಗ ಬೇರೆ ಯಾವುದಿದೆ? ಮೊದಲು ಸ್ಟೇಷನ್ ಇತ್ತು, ಈಗ ಡೇರಿ ಇದೆ.

ಗೋಡೆ ಕೇಳುವ ಮೊದಲು ಗೋಡೆಯ ಮೇಲೆ ಹಾಕುವುದಕ್ಕೆ ಏನಾದರೂ ನಮ್ಮ ಹತ್ತಿರ ಇರಬೇಕು. ಅದಕ್ಕಾಗಿ ಕಾರ್ಯದರ್ಶಿಗಳ ಮೇಜಿನ ಪಕ್ಕ ಒಂದು ದೊಡ್ಡ ರೂಲಿನ ಪುಸ್ತಕ ಇಡಿಸಿದ್ದೇನೆ. ಮೊದಲ ಎರಡು ಪುಟ ಆಗಲೇ ತುಂಬಿದೆ. ಒಂದು, ಆನಂದಪುರದ ಕಡೆಯಿಂದ ಮದುವೆಯಾಗಿ ಬಂದು ಈ ಸ್ಟೇಷನ್ನಿನಲ್ಲಿ ಇಳಿದ ಅಜ್ಜಿಯೊಬ್ಬರು ಹೇಳಿದ್ದು. ಇಳಿಯುವ ಗಡಿಬಿಡಿಯಲ್ಲಿ ತವರಿನ ಹಿತ್ತಾಳೆ ಚೊಂಬು ಗಾಡಿಯಲ್ಲೇ ಉಳಿದು ಶಿವಮೊಗ್ಗದ ಕಡೆಯಿಂದ ಮರುದಿನ ವಾಪಸು ಬಂತಂತೆ. ಪೋರ್ಟರು ಅದನ್ನು ಮನೆತನಕ ತಂದುಕೊಟ್ಟನಂತೆ. ಇನ್ನೊಂದು, ಗ್ಯಾಂಗ್‌ನಲ್ಲಿ ದುಡಿದವರ ಮಗನದು. ಅಪ್ಪ ಯಾವ ಮೈಲಿಗಲ್ಲಿನಿಂದ ಯಾವ ಮೈಲಿಗಲ್ಲಿನವರೆಗೆ ನಡೆಯುತ್ತಿದ್ದರು, ಎಲ್ಲಿ ಆನೆ ದಾಟುತ್ತಿತ್ತು, ಎಲ್ಲಿ ಮಳೆಗಾಲದಲ್ಲಿ ದರೆ ಕುಸಿಯುತ್ತಿತ್ತು ಎಲ್ಲ ಹೇಳಿದ್ದಾರೆ.

ಬೆಳಿಗ್ಗೆ ಹಾಲು ಹಾಕಿ ಫ್ಯಾಟ್ ನೋಡುವ ತನಕ ಕಾಯುವಾಗ ಐದು ನಿಮಿಷ ಕೂತು ಬರೆಯಿರಿ. ಬರೆಯಲು ಬಾರದವರು, ಕಣ್ಣು ಕಾಣದವರು ಹೇಳಿದರೆ ಸಾಕು, ಬುಧವಾರ ಮತ್ತು ಶನಿವಾರ ನಾನೇ ಕೂತು ಬರೆದುಕೊಳ್ಳುತ್ತೇನೆ. ರಟ್ಟಿನ ಟಿಕೆಟ್, ಪಾರ್ಸೆಲ್ ರಸೀತಿ, ಸ್ಟೇಷನ್ ಮುಂದೆ ತೆಗೆಸಿಕೊಂಡ ಫೋಟೋ ಇದ್ದರೆ ತನ್ನಿ. ಫೋಟೋ ತೆಗೆದುಕೊಂಡು ಅಲ್ಲಿಯೇ ವಾಪಸು ಕೊಡುತ್ತೇವೆ. ಸ್ಟೇಷನ್ನಿನ ಕಿಟಕಿ, ಬಾಗಿಲು ಇದ್ದವರೂ ಬರಬಹುದು, ಯಾರೂ ಏನೂ ಕೇಳುವುದಿಲ್ಲ.

ಎಲೆ ಹಾಕಿದ್ದಾರೆ ಅಂತ ಹಿಂದಿನಿಂದ ಕೈ ಬೀಸುತ್ತಿದ್ದಾರೆ.